ಹೊಸಿಲಿಗೆ ಕೊಟ್ಟ ನೆರಳು

“ಸಾರ್, ಅಲ್ಲಿ ನಿಲ್ಲಬೇಡಿ. ನಿಮ್ಮ ನೆರಳು ಹೊಸಿಲ ಮೇಲೆ ಬೀಳ್ತಿದೆ.”

ಸ್ತಮೆನಾ ಇದನ್ನು ಮೂರು ಸಲ ಹೇಳಿದಳು. ಮೊದಲ ಸಲ ಮೆಲ್ಲಗೆ, ಎರಡನೆಯ ಸಲ ಕೋಟಿನ ತೋಳು ಜಗ್ಗಿ, ಮೂರನೆಯ ಸಲ ನೆರೆದವರಿಗೆಲ್ಲ ಕೇಳುವಂತೆ. ಕಾರ್ಖಾನೆಯ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ಉಳಿ, ಬಾಚಿಗಳನ್ನು ಕಾದುಕೊಂಡಿದ್ದ ಹೆಂಗಸು ಅವಳು, ಸುಮ್ಮಸುಮ್ಮನೆ ಬಾಯಿ ಬಿಡುವವಳಲ್ಲ. ಆದರೆ ಕಾಮೆನ್ ರಾಂಗೆಲೊವ್ ಎಂಬ ಆ ಮಹಾನುಭಾವ ಕೇಳಬೇಕಲ್ಲ! ಅವನು ರಾಜಧಾನಿ ಸೋಫಿಯಾದಿಂದ ನಮ್ಮ ವ್ರಾನೊದೋಲ್ ಊರಿನ ಉಳಿ ಕಾರ್ಖಾನೆಗೆ ಮ್ಯಾನೇಜರಾಗಿ ಬಂದು ಏಳು ವಾರವಾಗಿತ್ತು. ಆ ಏಳು ವಾರದಲ್ಲಿ ಅವನು ಯಾರ ಮಾತಿಗಾದರೂ ಸೊಪ್ಪು ಹಾಕಿದ್ದನ್ನು ಕಂಡವರಿಲ್ಲ.

“ನೆರಳು ಬಿದ್ದರೆ ಏನಾಗುತ್ತಮ್ಮ? ಹೊಸಿಲು ಮುರಿಯುತ್ತಾ?” ಎಂದು ಕಿಸಕ್ಕನೆ ನಕ್ಕ. ನಕ್ಕು, ಇನ್ನೂ ಒಂದು ಹೆಜ್ಜೆ ಮುಂದೆ ಬಂದು ನಿಂತ.

ಉಳಿಯ ವಿಷಯ ಹೇಳದೆ ಈ ಕತೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಕಡೆ ಮರ್ಯಾದೆಯುಳ್ಳ ಕಟ್ಟಡವೆಂದರೆ ಅದರ ಚಾವಣಿಯಲ್ಲಿ ಅಕ್ರೋಟು ಮರದಲ್ಲಿ ಕೆತ್ತಿದ ಸೂರ್ಯನೊಬ್ಬ ಇರಲೇಬೇಕು. ಆ ಸೂರ್ಯನ ಕಿರಣಗಳ ಬುಡ ಒಳಕ್ಕೆ ಸುತ್ತಿಕೊಂಡಿರುತ್ತದೆ, ನೆಟ್ಟಗಿನ ಉಳಿ ಅಲ್ಲಿಗೆ ಇಳಿಯದು. ಕತ್ತು ಬಳುಕಿದ, ತುದಿ ಚಮಚದಂತೆ ತಗ್ಗಾದ ಉಳಿ ಬೇಕು. ಅದಕ್ಕೆ ನಾವು ಕೊಕ್ಕರೆ ಎನ್ನುತ್ತೇವೆ. ನಮ್ಮ ಕಾರ್ಖಾನೆಯ ಕುಲುಮೆ ತೊಂಬತ್ತು ವರ್ಷ ಕೊಕ್ಕರೆಗಳನ್ನು ಬಡಿದು ಕೊಟ್ಟಿತ್ತು. ರಾಂಗೆಲೊವ್ ಬಂದ ಎರಡನೆಯ ವಾರವೇ ಅದನ್ನು ನಿಲ್ಲಿಸಿಬಿಟ್ಟ.

ಊರಿನ ಕೆತ್ತನೆಯವರೆಲ್ಲ ಒಟ್ಟಾಗಿ ಅವನ ಕಚೇರಿಗೆ ಹೋದರು. ಎಲ್ಲರಿಗಿಂತ ಹಿರಿಯರಾದ ಗೆರಾಸಿಮ್ ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾತಾಡಿದರು. ಎಪ್ಪತ್ತು ದಾಟಿದ ಮನುಷ್ಯ ಒಬ್ಬ ಅಂಗಿ ಇಸ್ತ್ರಿ ಮಾಡಿಸಿಕೊಂಡವನ ಎದುರು ಟೋಪಿ ತೆಗೆದು ನಿಲ್ಲುವುದೆಂದರೆ! ನೆನೆದರೆ ಈಗಲೂ ಮೈ ಉರಿಯುತ್ತದೆ.

“ವರ್ಷಕ್ಕೆ ಎಷ್ಟು ಕೊಕ್ಕರೆ ಕೊಳ್ತೀರಿ, ನೀವೆಲ್ಲ ಸೇರಿ?” ಎಂದು ರಾಂಗೆಲೊವ್ ಕೇಳಿದ.

“ಒಂದು ಕೊಂಡ್ರೆ ಇಪ್ಪತ್ತು ವರ್ಷ ಬಾಳುತ್ತೆ ಸಾರ್.”

“ಅದೇ ನಿಮ್ಮ ರೋಗ. ಮುಗಿದ ಮಾಲಿಗೆ ಅಳಬೇಡಿ. ಹೊಸ ಪೆಟ್ಟಿಗೆ ಬಂದಿದೆ, ಹನ್ನೆರಡು ಉಳಿ, ರಬ್ಬರ್ ಹಿಡಿ. ಕೈ ಜಾರಲ್ಲ. ತಗೊಂಡು ಹೋಗಿ, ಕೆತ್ತಿ.”

ಪಂತಲೇ ಎಂಬ ಕೆತ್ತನೆಯವನಿಗೆ ನಾಲಿಗೆ ಸ್ವಲ್ಪ ಉದ್ದ. ಅವನು ಆ ಪೆಟ್ಟಿಗೆಯಿಂದ ಒಂದು ಉಳಿ ಎತ್ತಿ ಮ್ಯಾನೇಜರನ ಓಕ್ ಮೇಜಿನ ಅಂಚಿಗೆ ಒತ್ತಿದ. ಉಳಿಯ ಬಾಯಿ ಮಡಚಿಕೊಂಡಿತು. “ಚೆನ್ನಾಗಿದೆ ಸಾರ್. ನಮ್ಮನೇಲಿ ಚೀಸ್ ಕೊಯ್ಯೋಕೆ ಒಂದು ಬೇಕಿತ್ತು,” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ರಾಂಗೆಲೊವನ ಕಿವಿ ಕೆಂಪಾಯಿತು. ಮರುದಿನ ಬೆಳಿಗ್ಗೆಯೇ ಕೊಕ್ಕರೆಯ ಅಚ್ಚುಗಳನ್ನೆಲ್ಲ ಲಾರಿಗೆ ಹೇರಿಸಿ ಕರಗಿಸಲು ಕಳಿಸಿದ. ತೊಂಬತ್ತು ವರ್ಷದ ಅಚ್ಚುಗಳು ಹೋಗಿ ಯಾರದೋ ಕಿಟಕಿಯ ಸರಳಾದವು.

ಇಷ್ಟಾದ ಮೇಲೂ ಅವನು ಪಾಯದ ಪೂಜೆಯ ದಿನ ನಗುನಗುತ್ತಾ ಬಂದ ನೋಡಿ! ಸುಟ್ಟುಹೋಗಿದ್ದ ಊರಿನ ವಾಚನಾಲಯವನ್ನು ಮತ್ತೆ ಮರದಲ್ಲೇ ಕಟ್ಟುತ್ತಿದ್ದೆವು. ಕಂಪನಿಯ ಕಾಣಿಕೆಯೆಂದು ರಬ್ಬರ್ ಹಿಡಿಯ ಉಳಿಗಳ ಎರಡು ಪೆಟ್ಟಿಗೆ ತಂದಿದ್ದ. ಫೋಟೊ ತೆಗೆಯಲು ಒಬ್ಬ ಬೇರೆ.

ಅಕ್ಟೋಬರಿನ ಎಳೆಬಿಸಿಲು. ಹೊಸದಾಗಿ ಸೀಳಿದ ಓಕ್ ಮರದ ಹುಳಿ ವಾಸನೆ, ಕಾಯುತ್ತಿದ್ದ ರಾಳದ ಘಾಟು. ಹೊಸಿಲ ತೊಲೆಯನ್ನು ಕಲ್ಲಿನ ಮೇಲೆ ಮಲಗಿಸಿ, ಅದರಲ್ಲಿ ಓರೆಯಾಗಿ ಒಂದು ತೂತು ಕೊರೆದಿಟ್ಟಿದ್ದರು. ನಮ್ಮಲ್ಲಿ ಹೊಸಿಲು ಖಾಲಿ ಕೂರುವುದಿಲ್ಲ. ಹುಂಜದ ನೆರಳನ್ನು ಕೆಂಪು ದಾರದಿಂದ ಅಳೆದು, ಆ ದಾರವನ್ನು ತೂತಿಗೆ ಇಳಿಸಿ, ಬೆಣೆ ಹೊಡೆದು, ರಾಳ ಸುರಿಯುತ್ತಾರೆ. ಹಿಂದಿನವರು ಹುಂಜದ ಬದಲು ದಾರಿಹೋಕರ ನೆರಳನ್ನೇ ಕದ್ದು ಅಳೆಯುತ್ತಿದ್ದರಂತೆ. ಅಳೆಸಿಕೊಂಡವನು ನಲವತ್ತು ದಿನದಲ್ಲಿ ಸಾಯುತ್ತಾನೆ. ಸತ್ತವನು ಎಲ್ಲಿಗೂ ಹೋಗುವುದಿಲ್ಲ, ಆ ಕಟ್ಟಡ ನಿಂತಿರುವಷ್ಟು ಕಾಲ ಹೊಸಿಲೊಳಗೆ ಕಾವಲಿರುತ್ತಾನೆ.

ಸ್ತಮೆನಾ ಹೇಳುತ್ತಿದ್ದುದು ಇದನ್ನೇ.

ರಾಂಗೆಲೊವ್ ಎಲ್ಲವನ್ನೂ ಕೇಳಿದ. ಆಮೇಲೆ ಹುಂಜವನ್ನು ನೋಡಿದ, ದಾರವನ್ನು ನೋಡಿದ. “ಓಹೋ! ಇದಾ ನಿಮ್ಮ ಇಂಜಿನಿಯರಿಂಗು? ಇಂಥವರಿಗೆ ನಾನು ಉಳಿ ಮಾಡಿಕೊಡಬೇಕಿತ್ತಾ?” ಎಂದವನೇ ಗೆರಾಸಿಮ್ ಮೇಸ್ತ್ರಿಯ ಕೈಯಿಂದ ದಾರದ ತುದಿ ಕಿತ್ತುಕೊಂಡ. “ಅಳೀರಿ. ನಂದೇ ಅಳೀರಿ. ಪುಕ್ಕಟೆ ಕೊಡ್ತಿದ್ದೀನಿ.”

“ಬೇಡ ಸಾರ್,” ಎಂದರು ಮೇಸ್ತ್ರಿ. “ಕದ್ದು ಅಳೆದ ನೆರಳಿಗಿಂತ ಕೈಯಾರೆ ಕೊಟ್ಟಿದ್ದು ಗಟ್ಟಿ. ಆಮೇಲೆ ಬಿಡಿಸೋದು ಕಷ್ಟ.”

“ಹೆದರಿಕೆಯಾ ಅಜ್ಜ?”

“ನಿಮಗೇನಾಗುತ್ತೋ ಅಂತ ಅಲ್ಲ. ನಮ್ಮ ಹೊಸಿಲಿಗೆ ನೀವು ಬೇಡ. ಹುಂಜ ಸಾಕು.”

ಸುತ್ತ ನಿಂತವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಅದೊಂದು ನಗೆ ಅವನನ್ನು ಕೆಣಕಿತು. ನೆರಳಿನ ತಲೆ ಬಿದ್ದಲ್ಲಿಗೆ ಒಂದು ಮರದ ಚಕ್ಕೆ ಎಸೆದು ಗುರುತು ಮಾಡಿ, ದಾರದ ಒಂದು ತುದಿಯನ್ನು ತಾನು ನಿಂತಲ್ಲೇ ಕಲ್ಲಿನಡಿ ಸಿಕ್ಕಿಸಿ, ಇನ್ನೊಂದನ್ನು ತಾನೇ ಆ ಚಕ್ಕೆಯವರೆಗೆ ಎಳೆದುಕೊಂಡು ಹೋಗಿ ಅಳೆದ. ಹರಿದುಕೊಂಡ. ಸುರುಳಿ ಸುತ್ತಿ ತೂತಿಗೆ ತುರುಕಿದ. ಕೊಡತಿ ಎತ್ತಿ ಬೆಣೆಯನ್ನೂ ಅವನೇ ಹೊಡೆದ. ಕುದಿಯುತ್ತಿದ್ದ ರಾಳವನ್ನೂ ಅವನೇ ಸುರಿದ. ಫೋಟೊದವನು ಪಟಪಟನೆ ತೆಗೆಯುತ್ತಿದ್ದ. ಗೆರಾಸಿಮ್ ಮೇಸ್ತ್ರಿ ಶಿಲುಬೆಯ ಗುರುತು ಹಾಕಿಕೊಂಡು ಹುಂಜವನ್ನು ಬಿಟ್ಟುಬಿಟ್ಟರು.

ಮೊದಲ ವಾರ ಏನೂ ಆಗಲಿಲ್ಲ. ರಾಂಗೆಲೊವ್ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿದ್ದ. ಹತ್ತನೆಯ ದಿನ ಹುರುಳಿಕಾಯಿ ಸೂಪು ಬಾಯಿಗಿಟ್ಟವನು ಥೂ ಎಂದು ಉಗುಳಿದ. ಬಾಯಿ ತುಂಬ ರಾಳದ ರುಚಿ. ಅಡುಗೆಯವಳನ್ನು ಬೈದ. ಮರುದಿನ ಕಾಫಿಯೂ ರಾಳ, ರೊಟ್ಟಿಯೂ ರಾಳ, ಹಲ್ಲುಜ್ಜಿದ ನೀರೂ ರಾಳ.

ಹದಿನಾರನೆಯ ದಿನ ಶಬ್ದ ಶುರುವಾಯಿತು. ಕಚೇರಿಯಲ್ಲಿ ಕೂತಿದ್ದಾಗ ಎದೆಯ ಎಡಗಡೆ, ಪಕ್ಕೆಲುಬಿನ ಹಿಂದೆ, ಯಾರೋ ಮರ ಕೆರೆಯುತ್ತಿದ್ದರು. ಕರಕ್. ಕರಕ್. ತುಸು ತಡೆದು, ಮತ್ತೆ ಕರಕ್. ಉಸಿರು ಬಿಗಿ ಹಿಡಿದರೆ ಅದೂ ನಿಲ್ಲುತ್ತಿತ್ತು, ಬಿಟ್ಟರೆ ಮುಂದುವರಿಯುತ್ತಿತ್ತು. ಕೆಮ್ಮಿದ. ಕರವಸ್ತ್ರದಲ್ಲಿ ಸಣ್ಣ ಓಕ್ ಪುಡಿ ಬಿದ್ದಿತ್ತು. ಡಾಕ್ಟರು ಎಕ್ಸ್‌ರೇ ತೆಗೆದು ಎಲ್ಲ ಸರಿಯಾಗಿದೆ, ಗಾಳಿ ಬದಲಾಗಬೇಕು ಎಂದರು. ಕಾರ್ಖಾನೆಯಲ್ಲಿ ಧೂಳು ಹೆಚ್ಚೆಂದು ಅವನು ನಂಬಿಕೊಂಡ. ನಂಬದೆ ಇನ್ನೇನು ಮಾಡಿಯಾನು!

ಆದರೆ ನೆರಳನ್ನು ಹೇಗೆ ಅಲ್ಲಗಳೆಯುವುದು? ಇಪ್ಪತ್ತಾರನೆಯ ದಿನ, ಬೆಳಿಗ್ಗೆ ಎಂಟಕ್ಕೆ, ಕಾರ್ಖಾನೆಯ ಅಂಗಳದಲ್ಲಿ ಕೆಲಸಗಾರರು ಸಾಲಾಗಿ ನಿಂತಿದ್ದರು. ಎಲ್ಲರ ನೆರಳೂ ಅಂಗಳದ ಆಚೆ ಗೋಡೆಯವರೆಗೆ ಚಾಚಿತ್ತು. ಇವನದು ಮಾತ್ರ ಬೂಟಿನ ಸುತ್ತ ಒಂದು ಮೊಳ. ಎಲ್ಲರೂ ನೆಲವನ್ನೇ ನೋಡುತ್ತಿದ್ದರು. ಅವನೂ ನೋಡಿದ. ಕೈ ಎತ್ತಿದ. ನೆಲದ ಮೇಲೆ ಯಾವ ಕೈಯೂ ಏಳಲಿಲ್ಲ.

ಅಂದು ಮಧ್ಯಾಹ್ನವೇ ವಾಚನಾಲಯದ ಬಳಿಗೆ ಓಡಿದ. ಅಷ್ಟರಲ್ಲಿ ಹೊಸಿಲ ಮೇಲೆ ಕಂಬಗಳು ನಿಂತು, ಕಂಬಗಳ ಮೇಲೆ ಎರಡು ಅಂತಸ್ತು ಎದ್ದಿತ್ತು. “ಆ ದಾರ ತೆಗೀರಿ,” ಎಂದ. ಧ್ವನಿಯಲ್ಲಿ ಇನ್ನೂ ಮ್ಯಾನೇಜರನ ಗತ್ತು.

ಗೆರಾಸಿಮ್ ಮೇಸ್ತ್ರಿ ಕೊಡತಿ ಕೆಳಗಿಟ್ಟರು. “ಹೊಸಿಲು ಎತ್ತೋಕಾಗಲ್ಲ, ಇಡೀ ಮನೆ ಕೂತಿದೆ. ತೂತಿನ ಬಾಯಿ ಮೇಲೆ ಕಂಬ ನಿಂತಿದೆ. ಕೆಳಗಿಂದ ನುಗ್ಗಬೇಕು. ನೆಲದಡಿ ಒಬ್ಬ ಮಲಗೋ ಅಷ್ಟು ಜಾಗ ಇದೆ. ತೂತು ಓರೆ. ನೆಟ್ಟಗಿನ ಉಳಿ ತಿರುಗಲ್ಲ, ಡ್ರಿಲ್ಲು ಹಾಕಿದ್ರೆ ದಾರ ಕತ್ತರಿಸುತ್ತೆ. ದಾರ ಕತ್ತರಿಸಿದ್ರೆ ನೀವೂ ಕತ್ತರಿಸಿದ ಹಾಗೆ. ರಾಳನ ಸುತ್ತಲಿಂದ ಕೆರೆದು ಕೆರೆದು ಬಿಡಿಸಬೇಕು. ಕೊಕ್ಕರೆ ಬೇಕು ಸಾರ್.”

“ಹಾಗಾದ್ರೆ ತೆಗೀರಿ ನಿಮ್ಮ ಕೊಕ್ಕರೆ!”

“ನಂದು ಆಗಲೇ ಸವೆದು ಮುಗಿದಿತ್ತು. ಹೊಸದು ಕೊಳ್ಳೋಣ ಅಂತ ಬಂದಿದ್ದೆ ನಿಮ್ಮ ಕಚೇರಿಗೆ. ಟೋಪಿ ತೆಗೆದು ನಿಂತಿದ್ದೆನಲ್ಲ?”

ರಾಂಗೆಲೊವ್ ಸೋಫಿಯಾದ ಮುಖ್ಯ ಕಚೇರಿಗೆ ಫೋನು ಮಾಡಿದ. ಒಂದೇ ಒಂದು ಉಳಿ, ಹಳೆಯ ಅಳತೆ, ಕೈಯಲ್ಲಾದರೂ ಬಡಿಸಿ ಕೊಡಿ ಎಂದ. ಆ ಕಡೆಯ ಹುಡುಗಿ ನಯವಾಗಿ, “ಅದು ಮುಗಿದ ಮಾಲು ಸಾರ್, ನೀವೇ ಸಹಿ ಹಾಕಿದ್ದೀರಿ. ಬದಲಿಗೆ ಹನ್ನೆರಡರ ಪೆಟ್ಟಿಗೆ ಕಳಿಸಲಾ?” ಎಂದಳು. ಊರಿನ ಹಳೆಯ ಕಮ್ಮಾರನನ್ನು ಹುಡುಕಿಕೊಂಡು ಹೋದ. ಕೆಲಸ ಕಳೆದುಕೊಂಡ ಮರುವಾರವೇ ಅವನು ಜರ್ಮನಿಯ ಮಗಳ ಮನೆ ಸೇರಿದ್ದ. ಬೇರೆ ಊರಿನವನೊಬ್ಬ ಎರಡು ಕೊಕ್ಕರೆ ಬಡಿದು ಕೊಟ್ಟ. ಎರಡೂ ಓಕ್ ಮರಕ್ಕೆ ತಾಗಿದೊಡನೆ ಬಳುಕಿ ಮಲಗಿದವು, ಹದ ಗೊತ್ತಿಲ್ಲದ ಕೈ.

ಇನ್ನು ಮನೆಮನೆಯ ಬಾಗಿಲು. ಊರಲ್ಲಿ ಕೊಕ್ಕರೆಗಳೇನೂ ಇರಲಿಲ್ಲವೆಂದಲ್ಲ, ಒಂಬತ್ತು ಇದ್ದವು. ನಿಲ್ಲಿಸಿದ ಸುದ್ದಿ ತಿಳಿದ ದಿನದಿಂದ ಒಂಬತ್ತೂ ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆಯ ತಳ ಸೇರಿದ್ದವು. ನಮ್ಮಲ್ಲಿ ಹೆಂಡತಿಯ ಒಡವೆ ಬೇಕಾದರೆ ಎರವಲು ಸಿಕ್ಕೀತು, ಕೊಕ್ಕರೆ ಸಿಕ್ಕುವುದಿಲ್ಲ. ಪಂತಲೇ ಬಾಗಿಲಲ್ಲೇ ನಿಂತು ಹೇಳಿದ: “ಕೊಟ್ರೆ ಮುರಿದು ತರ್ತೀರಿ. ಮುರಿದ್ರೆ ನಾನೆಲ್ಲಿ ತರಲಿ? ನಿಮ್ಮ ಪೆಟ್ಟಿಗೇಲಿ ಹನ್ನೆರಡಿವೆಯಲ್ಲ ಸಾರ್, ರಬ್ಬರ್ ಹಿಡಿ. ಕೈ ಜಾರಲ್ಲ.”

“ಸಾಯ್ತಿದ್ದೀನಯ್ಯಾ!”

“ಗೊತ್ತು ಸಾರ್. ಊರಿಗೆಲ್ಲ ಗೊತ್ತು.”

ಕೈಕಾಲು ಹಿಡಿದ. ಅತ್ತ. ಒಂಬತ್ತು ಬಾಗಿಲಲ್ಲಿ ಎಂಟು ಮುಚ್ಚಿದವು. ಒಳಗಿನಿಂದ ರಾಕಿಯಾ ಸಾರಾಯಿಯ ವಾಸನೆ, ನಗೆ, ಚಿಲಕದ ಸದ್ದು. ನಾನು ಅವರನ್ನು ತಪ್ಪು ಅನ್ನುವುದಿಲ್ಲ. ಸರಿ ಅನ್ನುವುದೂ ಇಲ್ಲ.

ಒಂಬತ್ತನೆಯದು ಸ್ತಮೆನಾಳ ಮನೆ. ಅವಳಪ್ಪ ಈ ಸೀಮೆಯ ಅರ್ಧ ಸೂರ್ಯಂದಿರನ್ನು ಕೆತ್ತಿದವನು. ಅವನ ಕೊಕ್ಕರೆ ನಲವತ್ತು ವರ್ಷ ಮಸೆದು ಮಸೆದು ಕತ್ತು ಹುಲ್ಲುಕಡ್ಡಿಯಷ್ಟು ಸಣ್ಣಗಾಗಿತ್ತು, ಹಿಡಿಯಲ್ಲಿ ಅವನ ಬೆರಳುಗಳ ತಗ್ಗು ಹಾಗೇ ಇತ್ತು. ಸ್ತಮೆನಾ ಬಾಗಿಲು ತೆರೆದಾಗ ರಾಂಗೆಲೊವನಿಗೆ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಉಗುರಿನಡಿ ಮರದ ಎಳೆ ಮೂಡಿತ್ತು. ಅಂದು ಮೂವತ್ತೊಂಬತ್ತನೆಯ ದಿನ.

ಅವಳು ಒಳಗೆ ಹೋಗಿ ಎಣ್ಣೆ ಬಟ್ಟೆಯ ಸುರುಳಿ ತಂದು ಎದೆಗವಚಿಕೊಂಡು ನಿಂತಳು. “ನಿಮ್ಮ ಮೇಲಿನ ಕನಿಕರಕ್ಕೆ ಅಂದ್ಕೋಬೇಡಿ,” ಎಂದಳು. “ನಾಳೆ ನೀವು ಸತ್ರೆ ಆ ಹೊಸಿಲೊಳಗೆ ನೂರಿನ್ನೂರು ವರ್ಷ ಕೂತಿರ್ತೀರಿ. ನಮ್ಮ ಮಕ್ಕಳು ಮೊಮ್ಮಕ್ಕಳು ಅಲ್ಲಿ ಪುಸ್ತಕ ಓದಬೇಕು. ಅವರಿಗೆ ಮ್ಯಾನೇಜರ್ ಬೇಡ. ನಾಳೆ ಬಿಸಿಲು ಬಿದ್ದ ಕೂಡಲೆ ಬನ್ನಿ. ಉಳೀನ ಮೇಸ್ತ್ರಿ ಮಾತ್ರ ಮುಟ್ಟಬೇಕು. ಕೇಳಿಸ್ತಾ? ನೀವು ಮುಟ್ಟಬಾರದು.”

ನಲವತ್ತನೆಯ ಬೆಳಿಗ್ಗೆ ಊರೇ ನೆರೆದಿತ್ತು. ನೆಲದಡಿಯ ಕಿಂಡಿಯಿಂದ ಮೊದಲು ಗೆರಾಸಿಮ್ ಮೇಸ್ತ್ರಿ ತೆವಳಿ ಒಳಗೆ ಹೋದರು. ಹಿಂದೆ ರಾಂಗೆಲೊವ್. ಕೈಯಾರೆ ಕೊಟ್ಟವನೇ ದಾರದ ತುದಿ ಹಿಡಿಯಬೇಕು, ಬೇರೆಯವರು ಹಿಡಿದರೆ ಬರುವುದಿಲ್ಲ.

ಹೊರಗೆ ಹಾಡಹಗಲು, ಒಳಗೆ ಕಣ್ಣು ಕಾಣದ ಕತ್ತಲು. ಒದ್ದೆ ಮಣ್ಣಿನ ವಾಸನೆ, ಇಲಿಯ ವಾಸನೆ, ಎಲ್ಲಕ್ಕಿಂತ ಮೇಲೆ ರಾಳ. ಹಣೆಗೆ ತಾಗುವಷ್ಟು ಹತ್ತಿರ ಹೊಸಿಲು. ಮೇಸ್ತ್ರಿ ಬೆರಳಿನಿಂದಲೇ ತಡಕಿ ತೂತು ಕಂಡುಹಿಡಿದರು. ಕೊಕ್ಕರೆಯ ತುದಿ ಒಳಗಿಳಿಯಿತು. ಕರಕ್. ರಾಂಗೆಲೊವನ ಎದೆಯೊಳಗೂ ಕರಕ್. ಎರಡೂ ಒಂದೇ ಸಲ.

“ಉಸಿರು ಬಿಗಿ ಹಿಡೀಬೇಡಿ,” ಎಂದರು ಮೇಸ್ತ್ರಿ.

ರಾಳದ ಚೂರುಗಳು ಮುಖದ ಮೇಲೆ ಉದುರಿದವು. ಬಹಳ ಹೊತ್ತಾಯಿತು. ಕಾಲು ಮರಗಟ್ಟಿತು, ಸೊಂಟ ಮರಗಟ್ಟಿತು. ಕಿಂಡಿಯಿಂದ ಬರುತ್ತಿದ್ದ ಬೆಳಕಿನ ಪಟ್ಟಿ ಮೆಲ್ಲಗೆ ಹೊಸಿಲ ಕಡೆ ಸರಿಯುತ್ತಿತ್ತು. ನಲವತ್ತು ದಿನದ ಹಿಂದೆ ದಾರ ಅಳೆದ ಹೊತ್ತು ಹತ್ತಿರವಾಗುತ್ತಿತ್ತು. ಆ ಬೆಳಕು ಹೊಸಿಲು ಮುಟ್ಟಿದರೆ ಮುಗಿಯಿತು.

“ಬಂತು. ತುದಿ ಹಿಡೀರಿ.”

ಕೆಂಪು ದಾರದ ತುದಿ ಬೆರಳಿಗೆ ಸಿಕ್ಕಿತು. ಬೆಚ್ಚಗಿತ್ತು. ಮೇಸ್ತ್ರಿ ಕೆರೆದಷ್ಟೂ ದಾರ ಇಳಿಯಿತು. ಒಂದು ಗೇಣು. ಎರಡು ಗೇಣು. ಪಾದಗಳಿಗೆ ಜೀವ ಬಂತು. ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ರಾಂಗೆಲೊವ್ ಗಟ್ಟಿಯಾಗಿ ನಕ್ಕ. ಆಮೇಲೆ ದಾರ ನಿಂತಿತು.

“ಬೇಗ ಅಜ್ಜ!”

“ಗಂಟಾಗಿದೆ. ತುರುಕಿದ್ದು ನೀವೇ ಅಲ್ವಾ? ತಾಳಿ. ಸುತ್ತ ಕೆರೀಬೇಕು.”

ಕರಕ್. ಕರಕ್. ಬೆಳಕು ಒಂದು ಬೆರಳಷ್ಟು ದೂರ. ಗಂಟಲಲ್ಲಿ ಮರದ ಪುಡಿ. ಉಸಿರು ಸಿಗುತ್ತಿಲ್ಲ. ಈ ಮುದುಕ ಬೇಕೆಂದೇ ತಡ ಮಾಡುತ್ತಿದ್ದಾನೆ. ಬೆಳಕು ಅರ್ಧ ಬೆರಳು. ಈ ಜನರೇ ಹೀಗೆ. ಒಂದು ಕೆಲಸಕ್ಕೆ ಇಡೀ ದಿನ. ಬೆಳಕು ಎಳ್ಳಿನಷ್ಟು.

“ಕೊಡಯ್ಯಾ ಇಲ್ಲಿ!”

ಮುದುಕರ ಕೈ ತಳ್ಳಿದ. ಹಿಡಿ ಕಿತ್ತುಕೊಂಡ. ನಮ್ಮೂರಿನ ಎಳೆಮಗುವೂ ಮಾಡದ ಕೆಲಸ ಮಾಡಿದ. ಕೊಕ್ಕರೆಯನ್ನು ತೂತಿಗೆ ಸಿಕ್ಕಿಸಿ ಹಾರೆಯಂತೆ ಮೀಟಿದ.

ಟಿಣ್.

ಸಣ್ಣ ಸದ್ದು. ಹೊರಗೆ ನಿಂತ ನಮಗೆಲ್ಲ ಕೇಳಿಸಿತು. ಯಾವ ಸದ್ದೆಂದು ಯಾರಿಗೂ ಹೇಳಬೇಕಾಗಲಿಲ್ಲ. ಒಳಗೆ ಉಳಿಯ ಒಡೆದ ಅಂಚಿಗೆ ತಾಗಿ ದಾರವೂ ತುಂಡಾಯಿತು. ಬೆಳಕು ಹೊಸಿಲು ಮುಟ್ಟಿತು.

ಇಬ್ಬರನ್ನೂ ಕಾಲು ಹಿಡಿದು ಹೊರಗೆಳೆದೆವು. ರಾಂಗೆಲೊವ್ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ. ಕಾಲು ಒದೆಯುತ್ತಿದ್ದವು. ಸೊಂಟದಿಂದ ಮೇಲೆ ಅಲುಗಾಟವಿರಲಿಲ್ಲ. ಬಾಯಿ ತೆರೆದೇ ಇತ್ತು, ಮಾತು ಬರುತ್ತಿರಲಿಲ್ಲ. ಕಣ್ಣು ಮಾತ್ರ ನೋಡುತ್ತಿತ್ತು. ಜನ ಓಡಿ ಬಂದರು. ಸ್ತಮೆನಾ ಎಲ್ಲರಿಗಿಂತ ಮುಂದೆ, ಎದೆ ಬಡಿದುಕೊಂಡು ಅಳುತ್ತಾ ಬಂದಳು. ಅವನ ಕಣ್ಣಲ್ಲಿ ನೀರು ತುಂಬಿತು. ತನಗಾಗಿ ಅಳುವವಳು ಈ ಊರಲ್ಲಿ ಒಬ್ಬಳಾದರೂ ಇದ್ದಾಳಲ್ಲ!

ಅವಳು ಅವನನ್ನು ದಾಟಿ ಹೋದಳು. ಎಲ್ಲರೂ ದಾಟಿ ಹೋದರು. ಗೆರಾಸಿಮ್ ಮೇಸ್ತ್ರಿ ನೆಲದ ಮೇಲೆ ಕೂತು, ಅಂಗೈಯಲ್ಲಿ ಕೊಕ್ಕರೆಯ ಎರಡು ತುಂಡು ಹಿಡಿದಿದ್ದರು. ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಪಂತಲೇ ಬಗ್ಗಿ ಆ ತುಂಡುಗಳನ್ನು ನೋಡಿದ. “ಎಂಟೇ ಉಳಿದವು,” ಎಂದ.

ಆಮೇಲೆ ಯಾರೋ ನೆನಪಿಸಿದರು, ಆಂಬುಲೆನ್ಸಿಗೆ ಫೋನು ಮಾಡಿದೆವು. ಅವನು ಬದುಕಿದ್ದಾನೆ. ಸೋಫಿಯಾದಲ್ಲಿ ಅಕ್ಕನ ಮನೆಯ ಬಾಲ್ಕನಿಯಲ್ಲಿ ಕೂರಿಸುತ್ತಾರಂತೆ, ಚಮಚದಲ್ಲಿ ತಿನ್ನಿಸುತ್ತಾರಂತೆ. ಗೋಡೆಯ ಮೇಲೆ ಅವನ ನೆರಳು ಸೊಂಟದವರೆಗೆ ಬೀಳುತ್ತದಂತೆ, ಅಲ್ಲಿಂದ ಮೇಲೆ ಏನೂ ಇಲ್ಲವಂತೆ.

ಮೇಲಿನದು ಎಲ್ಲಿದೆಯೆಂದು ನಮಗೆ ಗೊತ್ತು. ವಾಚನಾಲಯದ ಬೀಗದ ಕೈ ಈಗ ಸ್ತಮೆನಾಳ ಬಳಿ ಇದೆ. ಬೆಳಿಗ್ಗೆ ಎಳೆಬಿಸಿಲು ಹೊಸಿಲಿಗೆ ಬಿದ್ದಾಗ ಮರದೊಳಗಿನಿಂದ ಧ್ವನಿ ಬರುತ್ತದೆ, ರಾಳದಲ್ಲಿ ಸಿಕ್ಕಿಕೊಂಡ ಧ್ವನಿ. “ಅಚ್ಚು ಮಾಡಿಸ್ತೀನಿ... ಕೊಕ್ಕರೆ ಮಾಡಿಸ್ತೀನಿ... ಎಷ್ಟು ಬೇಕು ಹೇಳಿ...”

“ಒಂದು,” ಎನ್ನುತ್ತಾಳೆ ಸ್ತಮೆನಾ. “ನಮ್ಮಪ್ಪಂದು.”

ಅವಳು ಬೂಟಿನ ಕೆಸರನ್ನು ಹೊಸಿಲಿಗೆ ಚೆನ್ನಾಗಿ ಒರೆಸಿ ಒಳಗೆ ಹೋಗುತ್ತಾಳೆ. ಅವಳ ಹಿಂದೆ ಬರುವ ನಾವೂ ಒರೆಸುತ್ತೇವೆ.